ಐದು ಡಿಗ್ರಿಯ ಪಾಠ
ಅಮೆರಿಕದ ಹೈಸ್ಕೂಲ್ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಮೂಳೆ ವೈದ್ಯರ ಕೈಕೆಳಗೆ ಸಂಶೋಧನೆ ಮಾಡುತ್ತಾಳೆ ಅಂದರೆ ನಮಗೆ ಆಪರೇಷನ್ ಥಿಯೇಟರ್, ಟೈಟಾನಿಯಂ ಸ್ಕ್ರೂಗಳೇ ಕಣ್ಣಮುಂದೆ ಬರುತ್ತವೆ. ಆದರೆ ಅಂಥವರ ಪಾಲಿಗೆ ಹೆಚ್ಚಾಗಿ ಬರುವುದು ಹೆಸರು ಅಳಿಸಿದ ಹಳೆಯ ಎಕ್ಸ್‌ರೇಗಳ ರಾಶಿ, ಜೊತೆಗೊಂದು ಎಕ್ಸೆಲ್ ಹಾಳೆ. ಸ್ಕೋಲಿಯೋಸಿಸ್ಸನ್ನೇ ನೋಡಿ: ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅವಳದೇ ವಯಸ್ಸಿನ ಮಕ್ಕಳಲ್ಲಿ. ಬಾಗು ಎಷ್ಟೆಂದು ತಿಳಿಯಲು ನ್ಯೂಯಾರ್ಕಿನ ಡಾ. ಜಾನ್ ಕಾಬ್ 1948ರಲ್ಲಿ ವಿವರಿಸಿದ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಬಾಗಿನ ಎರಡೂ ತುದಿಗಳಲ್ಲಿ ಅತಿ ಹೆಚ್ಚು ವಾಲಿದ ಮಣಿಮೂಳೆಗಳನ್ನು ಗುರುತಿಸಿ, ಮೇಲಿನದರ ಮೇಲಂಚಿಗೊಂದು, ಕೆಳಗಿನದರ ಕೆಳ ಅಂಚಿಗೊಂದು ಗೆರೆ ಎಳೆದು, ನಡುವಿನ ಕೋನ ಅಳೆಯಬೇಕು. ಅದು 10 ಡಿಗ್ರಿ ಮುಟ್ಟಿದರೆ ರೋಗದ ಹೆಸರು ಅಂಟುತ್ತದೆ. ಇನ್ನೂ ಬೆಳೆಯುವ ಮಗುವಾದರೆ 25ರ ಹೊತ್ತಿಗೆ ಬ್ರೇಸ್, ಅಂದರೆ ಬೆನ್ನನ್ನು ಹಿಡಿದಿಡುವ ಕವಚ. 50ರ ಹತ್ತಿರ ಶಸ್ತ್ರಚಿಕಿತ್ಸೆಯ ಮಾತು. ಗೆರೆ ಎಳೆಯಲು ಎಂಬಿಬಿಎಸ್ ಬೇಕಿಲ್ಲ, ಜ್ಯಾಮಿತಿ ಸಾಕು. ತಮಾಷೆಯೆಂದರೆ, ಒಂದೇ ಚಿತ್ರವನ್ನು ನುರಿತ ವೈದ್ಯರಿಬ್ಬರು ಅಳೆದರೂ ಸುಮಾರು 5 ಡಿಗ್ರಿ ಆಚೀಚೆ ಆಗುವುದುಂಟು. ಹಾಗಾಗಿ ಒಳ್ಳೆಯ ಮಾರ್ಗದರ್ಶಕರು ಮೊದಲ ಉತ್ತರವನ್ನು ಮುಚ್ಚಿಟ್ಟು, ಕೆಲ ವಾರ ಬಿಟ್ಟು, ಅದೇ ಚಿತ್ರಗಳನ್ನು ಮತ್ತೆ ಅಳೆಯಲು ಕೊಡುತ್ತಾರೆ. ಕಾಲೇಜು ಅರ್ಜಿಯ ಅಂದ ಹೆಚ್ಚಿಸಲು ದುಡ್ಡು ಕೊಟ್ಟು ಕೊಳ್ಳುವ 'ಸಂಶೋಧನೆ'ಗಳೂ ಅಲ್ಲಿ ಧಾರಾಳ. ಅವುಗಳ ಬಗ್ಗೆ ನನಗೆ ಗೌರವವಿಲ್ಲ. ಆದರೆ ಈ ಬೇಸರದ ಮರುಅಳತೆ ಬೇರೆಯೇ ಮಾತು. ಕಳೆದ ಸಲ 22 ಇದ್ದ ಬಾಗು ಈ ಸಲ 26 ಆಗಿದ್ದರೆ ಬೆನ್ನೇ ಬಾಗಿತೋ, ಅಳೆದವರ ಗೆರೆ ಸರಿಯಿತೋ? ಒಂದು ಮಗು ದಿನಕ್ಕೆ ಹದಿನೆಂಟು ಗಂಟೆ ಬ್ರೇಸ್ ತೊಡಬೇಕೇ ಎಂಬುದು ಆ ಉತ್ತರದ ಮೇಲಿದೆ.