ಒಡ್ಡಿಗೆ ವಾರಸುದಾರರು ಬೇಕು

ಕಗ್ಗದ ಭತ್ತವನ್ನು ಬುಡಕ್ಕೆ ಕತ್ತಿ ಹಾಕಿ ಕೊಯ್ಯುವುದಿಲ್ಲ. ನೀರಿನಲ್ಲಿ ನಿಂತ ಎತ್ತರದ ಪೈರಿನಿಂದ ತೆನೆಯನ್ನಷ್ಟೇ ಕೊಯ್ದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆಯ ಸುತ್ತ ಹರಡಿರುವ ಗಜನಿಗಳೆಂಬ ಉಪ್ಪುನೀರಿನ ಗದ್ದೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ ಇದು. ಕೊಯ್ಲು ಮುಗಿದ ಮೇಲೆ ತೂಬು ತೆರೆದರೆ ಉಬ್ಬರದ ಉಪ್ಪುನೀರು ಒಳಗೆ ಬರುತ್ತದೆ, ಅದರ ಜೊತೆಗೆ ಸಿಗಡಿ ಮತ್ತು ಮೀನಿನ ಮರಿಗಳೂ ಬರುತ್ತವೆ. ಬಿಟ್ಟ ಹುಲ್ಲು ಕೊಳೆತು ಅವಕ್ಕೆ ಮೇವಾಗುತ್ತದೆ. ಮೀನನ್ನು ಅರಸಿ ಬಂದ ಹಕ್ಕಿಗಳ ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ. ಬೇಸಿಗೆ ಮುಗಿಯುವವರೆಗೆ ಮೀನು. ಮುಂಗಾರಿನ ಮೊದಲ ಮಳೆಗಳು ಉಪ್ಪನ್ನು ತೊಳೆದ ಮೇಲೆ ಮತ್ತೆ ಮೊಳಕೆ ಬರಿಸಿದ ಬೀಜ. ಚೀಲದ ಗೊಬ್ಬರವನ್ನು ಕೇಳದೆ, ಉಪ್ಪಿನ ನೆಲದಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಈ ಪದ್ಧತಿಗಿಂತ ಜಾಣತನದ ಮಣ್ಣು ಸಂರಕ್ಷಣೆಯನ್ನು ನಮ್ಮ ಕರಾವಳಿಯಲ್ಲಿ ನಾನು ಕಂಡಿಲ್ಲ.

ಇದನ್ನು ಈಗ ನೆನೆಯಲು ಕಾರಣವಿದೆ. ಡಿಸೆಂಬರ್ 5 ವಿಶ್ವ ಮಣ್ಣು ದಿನ. ವಿಶ್ವಸಂಸ್ಥೆ 2014ರಿಂದ ಅದನ್ನು ಅಧಿಕೃತವಾಗಿ ಆಚರಿಸುತ್ತಿದೆ. ಆ ಹೊತ್ತಿಗೆ ಮಣ್ಣು ಮತ್ತು ಕೃಷಿಭೂಮಿಯ ಸಂರಕ್ಷಣೆಗೆಂದು ಸಮಾವೇಶ, ವಿಚಾರಗೋಷ್ಠಿಗಳು ನಡೆಯುತ್ತವೆ, ನಡೆಯಬೇಕು ಕೂಡ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಿಗೆ ಒಂದು ಪ್ರಾದೇಶಿಕ ಸಮಾವೇಶ ನಡೆಯುವುದಾದರೆ ಅದು ಬಯಲುಸೀಮೆಯ ಮಾತನ್ನು ಇಲ್ಲಿ ಮತ್ತೆ ಆಡುವಂತಾಗಬಾರದು. ಇಲ್ಲಿ ಮಣ್ಣು ಒಬ್ಬ ರೈತನ ಹೊಲದ ಗಡಿಯೊಳಗೆ ಉಳಿಯುವುದೂ ಇಲ್ಲ, ಅಳಿಯುವುದೂ ಇಲ್ಲ. ಗುಡ್ಡದ ನೆತ್ತಿಯಿಂದ ಅಳಿವೆಯ ಕೆಸರಿನವರೆಗೆ ಅದು ಒಂದೇ ಇಳಿಜಾರು. ಕಾಪಾಡುವುದಿದ್ದರೆ ಆ ಇಳಿಜಾರನ್ನು ಇಡಿಯಾಗಿ ಕಾಪಾಡಬೇಕು, ಅದನ್ನು ಕಾಪಾಡುವವರೂ ಒಟ್ಟಾಗಿಯೇ ಇರಬೇಕು.

ಮಣ್ಣು ಆರೋಗ್ಯ ಕಾರ್ಡಿನ ಉದಾಹರಣೆ ತೆಗೆದುಕೊಳ್ಳೋಣ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಯೋಜನೆ ಒಳ್ಳೆಯದೇ. ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಸೇರಿ 12 ಅಂಶಗಳನ್ನು ಅಳೆಯುತ್ತದೆ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬುದು ಅದರ ಲೆಕ್ಕ. ಹತ್ತು ಹೆಕ್ಟೇರೆಂದರೆ ಹೆಚ್ಚುಕಡಿಮೆ 316 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ವಿಜಯಪುರದ ಎರೆಹೊಲದಲ್ಲಿ ಆ ಚೌಕದ ಮಣ್ಣು ಬಹುಮಟ್ಟಿಗೆ ಒಂದೇ ಬಗೆಯದಾಗಿರಬಹುದು. ಹೊನ್ನಾವರದ ಮಂಕಿಯಲ್ಲೋ ಭಟ್ಕಳದ ಬೈಲೂರಿನಲ್ಲೋ ಅದೇ ಚೌಕ ಹಾಕಿದರೆ ಒಂದು ತುದಿಯಲ್ಲಿ ಚಿರೆಕಲ್ಲಿನ ಬೋಳುಗುಡ್ಡ, ಅದರ ಕೆಳಗೆ ಹುಲ್ಲಿನ ಬೇಣ, ಆಮೇಲೆ ಅಡಿಕೆ ತೆಂಗಿನ ತೋಟ, ಮಕ್ಕಿ ಗದ್ದೆ, ಬಯಲು ಗದ್ದೆ, ಕೊನೆಗೆ ಹೊಯ್ಗೆ, ಅಂದರೆ ಮರಳು ನೆಲ ಬರಬಹುದು. ಆ ಒಂದು ಕಾರ್ಡು ಇವುಗಳಲ್ಲಿ ಯಾವುದರ ಆರೋಗ್ಯವನ್ನು ಹೇಳುತ್ತದೆ? ಮಣ್ಣಿನ ಆಳವನ್ನೂ ಇಳಿಜಾರನ್ನೂ ಅದು ಕೇಳುವುದೇ ಇಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮೊದಲು ಕೇಳಬೇಕಾದ್ದು ಅವೆರಡನ್ನೇ.

ಗುಡ್ಡದ ಮಣ್ಣಿನ ಕತೆ ಹೀಗಿದೆ. ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕರಾವಳಿಯನ್ನು ಹಾದು ಹೋದ. ಮಲಬಾರಿನಲ್ಲಿ ಅವನು ನೋಡಿ ವಿವರಿಸಿದ ಕೆಂಪುಕಲ್ಲು 1807ರಲ್ಲಿ ಪ್ರಕಟವಾದ ಅವನ ಗ್ರಂಥದ ಮೂಲಕ ‘ಲ್ಯಾಟರೈಟ್’ ಎಂದು ಜಗತ್ತಿಗೆ ಪರಿಚಯವಾಯಿತು. ನಮಗೆ ಅದು ಚಿರೆಕಲ್ಲು, ಜಂಬಿಟ್ಟಿಗೆ. ಯುಗಾಂತರಗಳ ಮಳೆ ಸುಣ್ಣ, ಪೊಟ್ಯಾಷ್‌ಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಉಳಿದ ನೆಲ ಇದು. ಹುಳಿ ಹೆಚ್ಚು. ರಂಜಕ ಹಾಕಿದರೂ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಇಂಥ ನೆಲದಲ್ಲಿ ಫಲವತ್ತತೆ ಎಂಬುದು ಕಲ್ಲಿನಿಂದ ಬಂದದ್ದಲ್ಲ, ಎಲೆಯಿಂದ ಬಂದದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದಾಗ ಆ ಮೆಣಸನ್ನು ಬೆಳೆಸಿದ್ದು ಕಾಡಿನ ದರಕು ಕೊಳೆತು ಕಟ್ಟಿದ ಗೇಣುದ್ದದ ಕಪ್ಪು ಪದರ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕೆಂದು ಹಿಂದಿನವರು ಹಟ ಹಿಡಿದದ್ದೂ ಇದಕ್ಕೇ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷ್ ಆಡಳಿತವೂ ಉತ್ತರ ಕನ್ನಡದಲ್ಲಿ ಒಪ್ಪಿಕೊಂಡಿತ್ತು. ಬೆಟ್ಟ ಬೋಳಾದ ಊರಿನಲ್ಲಿ ತೋಟ ಹಸಿರಾಗಿ ಕಂಡರೆ ಅದು ಅಂಗಡಿಯಿಂದ ಬಂದ ಸಾಲದ ಹಸಿರು.

ಚಿರೆಕಲ್ಲಿನ ಗಟ್ಟಿ ಪದರದ ಕೆಳಗೆ ಶೇಡಿ ಇದೆ. ಗೋಡೆಗೆ ಬಳಿಯುವ, ಹಬ್ಬಕ್ಕೆ ಚಿತ್ತಾರ ಬರೆಯುವ ಬಿಳಿ ಜೇಡಿ ಅದು. ಮೇಲಿನ ಕಲ್ಲು, ಮರದ ಬೇರು, ಇಳಿಜಾರಿನ ಬುಡದ ಆಧಾರ ಮೂರೂ ಇದ್ದಾಗ ಶೇಡಿ ಸುಮ್ಮನೆ ಕೂತಿರುತ್ತದೆ. ಬುಡವನ್ನು ನೆಟ್ಟಗೆ ಕಡಿದು ನೀರು ಕುಡಿಯಲು ಬಿಟ್ಟರೆ ಜಾರುತ್ತದೆ. 2017ರಲ್ಲಿ ಕುಮಟಾದ ತಂಡ್ರಕುಳಿಯಲ್ಲಿ, 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ, 2024ರ ಜುಲೈ 16ರಂದು ನೆರೆಯ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜನರ ಮೇಲೆ ಬಿತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣಗಳ ಜೋಡಣೆ ಇರುತ್ತದೆ, ಭೂವಿಜ್ಞಾನಿಗಳು ಅದನ್ನು ಬಿಡಿಸಿ ಹೇಳಬಲ್ಲರು. ಆದರೆ ಮಣ್ಣು ಸಂರಕ್ಷಣೆ ಎಂಬುದು ಬೆಳೆಯ ಇಳುವರಿಯ ಮಾತು ಮಾತ್ರ ಎಂದು ಈ ಕರಾವಳಿಯಲ್ಲಿ ಇನ್ನು ಯಾರೂ ಹೇಳಲಾರರು.

ಹೀಗೆ ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ಬಹುಪಾಲು ಹೆದ್ದಾರಿಯ ಪಕ್ಕದ ಗದ್ದೆಗೆ. ಒಂದು ಗುಡ್ಡ ತನ್ನ ಬುಡ ಕಳೆದುಕೊಳ್ಳುತ್ತದೆ, ಅದೇ ಲಾರಿಯ ಕೆಂಪು ಮಣ್ಣಿನ ಕೆಳಗೆ ಒಂದು ಗದ್ದೆ ಹೂತುಹೋಗುತ್ತದೆ. ಒಂದೇ ಕೆಲಸಕ್ಕೆ ಎರಡು ನಷ್ಟ. ಮೂರನೆಯ ನಷ್ಟ ನೆರೆಯವನದು. ಬಯಲು ಗದ್ದೆಗಳ ಸಾಲು ಮಳೆಗಾಲದಲ್ಲಿ ನೀರಿನ ದಾರಿ. ನಡುವಿನ ಎರಡು ಗದ್ದೆಗಳನ್ನು ಆಳೆತ್ತರಕ್ಕೆ ತುಂಬಿಸಿದರೆ ಮೇಲಿನ ಹತ್ತು ಗದ್ದೆಗಳ ನೀರು ಹೋಗಲು ಜಾಗವಿಲ್ಲದೆ ನಿಲ್ಲುತ್ತದೆ, ನಾಟಿ ಕೊಳೆಯುತ್ತದೆ. ಎರಡು ವರ್ಷ ಕೊಳೆತರೆ ಆ ರೈತರೂ ಗದ್ದೆಯನ್ನು ಹಡಿಲು ಬಿಡುತ್ತಾರೆ, ಆಮೇಲೆ ಮಾರುತ್ತಾರೆ. ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆಗೆ ಅನುಮತಿ ಬೇಕು, ನಿಜ. ಆದರೆ ಅರ್ಜಿ ಬರುವುದು ಸರ್ವೆ ನಂಬರಿನ ಲೆಕ್ಕದಲ್ಲಿ, ತೀರ್ಮಾನವೂ ಸರ್ವೆ ನಂಬರಿನದೇ. ಆ ಬಯಲಿನ ನೀರು ಎತ್ತ ಹರಿಯುತ್ತದೆ, ಎಷ್ಟು ಗದ್ದೆಗಳು ಒಂದೇ ಕೋಡಿಯನ್ನು ನಂಬಿವೆ ಎಂಬ ಪ್ರಶ್ನೆಗೆ ಆ ಕಡತದಲ್ಲಿ ಜಾಗವೇ ಇಲ್ಲ. ಕಡಲಂಚಿನ ಹೊಯ್ಗೆ ಗದ್ದೆಗಳಿಗೂ ಇದೇ ಭಯ. ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಸಿಹಿ ಈರುಳ್ಳಿ ಬೇರೆ ಮಣ್ಣಿನಲ್ಲಿ ಅದೇ ಈರುಳ್ಳಿಯಾಗಿ ಬರುವುದಿಲ್ಲ. ಆ ಮಣ್ಣಿನ ಬೆಲೆಯನ್ನು ನಿವೇಶನದ ದರದಲ್ಲಿ ಅಳೆಯುವುದು ನನಗೆ ಸಂಕಟದ ಸಂಗತಿ.

ಮತ್ತೆ ಗಜನಿಗೆ ಬರುತ್ತೇನೆ, ಏಕೆಂದರೆ ಇಳಿಜಾರಿನ ಎಲ್ಲ ತಪ್ಪುಗಳೂ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಗಜನಿಯ ಜೀವ ಉಪ್ಪುನೀರನ್ನು ತಡೆಯುವ ಅದರ ಒಡ್ಡಿನಲ್ಲಿದೆ. ಹಿಂದೆ ಅದು ಕೆಸರಿನ ಒಡ್ಡು. ಹೊರಮೈಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಬೆಳೆಸಿ ಅಲೆಯ ಹೊಡೆತ ತಡೆಯುತ್ತಿದ್ದರು, ವರ್ಷ ವರ್ಷವೂ ಊರಿನವರು ಸೇರಿ ಕೆಸರು ಮೆತ್ತುತ್ತಿದ್ದರು. ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೂ ಊರೊಟ್ಟಿನ ತೀರ್ಮಾನ. ಒಬ್ಬನ ಗದ್ದೆಗೆ ಮಾತ್ರ ಉಪ್ಪುನೀರು ಬರಲಿ, ಇನ್ನೊಬ್ಬನದಕ್ಕೆ ಬೇಡ ಎನ್ನಲು ಬಾರದ ನೆಲ ಅದು. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ ಕಾಯಂ ಒಡ್ಡುಗಳನ್ನು ಕಟ್ಟಿತು. ಅದೇ ಕಾಲಕ್ಕೆ, 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಾಲೀಕರಾದರು. ರೈತ ನಾಯಕ ದಿನಕರ ದೇಸಾಯಿಯವರಂಥವರು ಈ ಜಿಲ್ಲೆಯಲ್ಲಿ ದಶಕಗಳ ಕಾಲ ಹೋರಾಡಿ ತಂದ ನ್ಯಾಯ ಅದು. ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಗದ್ದೆಗಳನ್ನು ಹಂಚಿತು, ಒಡ್ಡನ್ನು ಯಾರಿಗೂ ಹಂಚಲಿಲ್ಲ. ಒಡೆಯ ಹೋದ, ಒಡ್ಡು ಸರ್ಕಾರದ್ದಾಯಿತು, ಸರ್ಕಾರದ್ದಾದ ಮೇಲೆ ಕೆಸರು ಮೆತ್ತಲು ಬರುವ ಕೈಗಳು ಕಡಿಮೆಯಾದವು. ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ ಬಂತು. ಬಿಳಿಚುಕ್ಕೆ ರೋಗ ದೇಶದ ಕರಾವಳಿಯುದ್ದಕ್ಕೂ ಸಿಗಡಿ ಹೊಂಡಗಳನ್ನು ಖಾಲಿ ಮಾಡಿತು, 1996ರ ಡಿಸೆಂಬರ್‌ನಲ್ಲಿ ಸಿಗಡಿ ಕೃಷಿಗೆ ಕಡಿವಾಣ ಹಾಕಿದ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ಹಿಂದೆ ಉಳಿದದ್ದು ಒಡೆದ ಒಡ್ಡು, ಹೊಲವೂ ಅಲ್ಲದ ಹೊಂಡವೂ ಅಲ್ಲದ ನೆಲ. ಕಾಂಡ್ಲದ ಕೆಸರಿನಲ್ಲಿ ಗಂಧಕದ ಅಂಶವಿರುತ್ತದೆ. ಅಗೆದು ಒಣಗಿಸಿದರೆ ಅದು ಗಾಳಿ ತಾಗಿ ಆಮ್ಲವಾಗುತ್ತದೆ. ಅಂಥ ಮಣ್ಣನ್ನು ಮತ್ತೆ ಭತ್ತಕ್ಕೆ ಒಗ್ಗಿಸುವುದು ವರ್ಷಗಳ ಕೆಲಸ.

ಇಷ್ಟಾದರೂ ಮಾಣಿಕಟ್ಟಾದಂಥ ಕೆಲವು ಊರುಗಳಲ್ಲಿ ಕಗ್ಗ ಉಳಿದಿದೆ, ರೈತರು ಒಟ್ಟಾಗಿ ಬಿತ್ತುವುದರಿಂದಲೇ ಉಳಿದಿದೆ. ಹೊನ್ನಾವರದ ಶರಾವತಿಯ ಕಡೆ ಕಷ್ಟ ಬೇರೆ ಬಗೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನದಿಯ ಹೂಳು ಮೇಲೆಯೇ ತಂಗುತ್ತದೆ, ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಅಳಿವೆಯ ಉಪ್ಪಿನ ಹದವನ್ನೇ ಬದಲಿಸಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಆಯಿತು. ಪಕ್ಕಪಕ್ಕದ ಎರಡು ನದಿಗಳು, ಒಂದು ಕಟ್ಟಿದ್ದು, ಒಂದು ಕಟ್ಟದ್ದು. ಮಣ್ಣಿನ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ?

ಒಡ್ಡಿನ ವಾರಸುದಾರಿಕೆಯ ಪ್ರಶ್ನೆಯನ್ನು ನಮ್ಮ ನೆರೆಯ ಗೋವಾ ಎದುರಿಸಿದ ಬಗೆಯನ್ನು ನಾವು ಓದಬೇಕು. ಅಲ್ಲಿನ ಖಾಜನ್ ಭೂಮಿ ನಮ್ಮ ಗಜನಿಯ ಒಡಹುಟ್ಟು. ಹಿಂದೆ ಗಾಂವಕಾರಿ ಪದ್ಧತಿಯ ಊರುಸಂಘಗಳು ಒಡ್ಡನ್ನು ನೋಡಿಕೊಳ್ಳುತ್ತಿದ್ದವು. ಪೋರ್ಚುಗೀಸರು ಹೋದ ಮೇಲೆ 1964ರಲ್ಲಿ ಗೇಣಿ ಕಾನೂನು ಬಂದಾಗ ಅಲ್ಲೂ ಇದೇ ತೊಡಕು ಎದ್ದಿತು. 1975ರಲ್ಲಿ ಗೇಣಿದಾರರ ಜಂಟಿ ಹೊಣೆಗಾರಿಕೆಯ ನಿಯಮಗಳನ್ನು ಮಾಡಿ, ಒಂದು ಒಡ್ಡಿನ ಒಳಗಿನ ರೈತರೆಲ್ಲ ಒಂದು ಸಂಘವಾಗಿ ಒಡ್ಡು, ತೂಬುಗಳನ್ನು ನೋಡಿಕೊಳ್ಳಬೇಕೆಂದು ಬರೆದಿಟ್ಟರು. ಎಲ್ಲ ಕಡೆ ಅದು ಸರಿಯಾಗಿ ನಡೆಯಲಿಲ್ಲ. ಮೀನಿನ ಹರಾಜಿನ ಆಸೆಗೆ ಭತ್ತವನ್ನು ಕೈಬಿಟ್ಟ, ಒಡ್ಡನ್ನೇ ಒಡೆದ ಪ್ರಸಂಗಗಳೂ ಇವೆ. ಆದರೂ ಹೊಣೆಯೊಂದು ಹೆಸರು ಹಿಡಿದು ನಿಂತಿದೆ, ಕೇಳುವುದಕ್ಕೆ ಒಂದು ಬಾಗಿಲಿದೆ. ದೂರದ ಡಚ್ಚರಲ್ಲಿ 13ನೇ ಶತಮಾನದಿಂದ ನೀರಿನ ಮಂಡಳಿಗಳಿವೆ. ಇಂದಿಗೂ 21 ಮಂಡಳಿಗಳು ತಮ್ಮದೇ ಚುನಾವಣೆ ನಡೆಸಿ, ತಮ್ಮದೇ ತೆರಿಗೆ ಎತ್ತಿ ಒಡ್ಡು ಕಾಯುತ್ತವೆ. ಸಮುದ್ರದ ಮಟ್ಟಕ್ಕಿಂತ ಕೆಳಗೆ ಬೇಸಾಯ ಮಾಡುವವರು ಒಡ್ಡಿನ ಆಡಳಿತವನ್ನು ಉಳಿದ ಆಡಳಿತದೊಳಗೆ ಕರಗಲು ಬಿಟ್ಟಿಲ್ಲ.

ಸಮಾವೇಶ ಮಾಡುವವರಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಮೇಲ್ಪಂಕ್ತಿ ಇದೆ. 1981ರಲ್ಲಿ ಶಿರಸಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ ನಡೆದ ವಿಚಾರ ಸಂಕಿರಣಕ್ಕೆ ಮುಂದೆ ನಿಂತದ್ದು ತೋಟಗಾರರ ಸಹಕಾರಿ ಸಂಘ. ರೈತರು ವಿಜ್ಞಾನಿಗಳನ್ನು ಕರೆಸಿ, ಅಣೆಕಟ್ಟಿನ ಲಾಭನಷ್ಟವನ್ನು ಲೆಕ್ಕ ಹಾಕಿಸಿದರು. ಆತಿಥೇಯರು ರೈತರಾಗಿದ್ದರಿಂದ ಪ್ರಶ್ನೆಗಳೂ ರೈತರವೇ ಆಗಿದ್ದವು. ಮಣ್ಣಿನ ಸಮಾವೇಶಕ್ಕೂ ಅದೇ ಕ್ರಮ ಬೇಕು. ಕಗ್ಗ ಬೆಳೆಯುವವರು, ಬೆಟ್ಟದ ಸೊಪ್ಪು ತರುವವರು, ಭಟ್ಕಳದ ಮಲ್ಲಿಗೆ ತೋಟದ ಹೆಂಗಸರು, ಅಳಿವೆಯಲ್ಲಿ ಚಿಪ್ಪಿ ಹೆಕ್ಕುವವರು ಕರೆಯುವವರಾಗಲಿ; ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು, ಹೆದ್ದಾರಿ ಪ್ರಾಧಿಕಾರದವರು, ಭೂವಿಜ್ಞಾನಿಗಳು, ಕಂದಾಯ ಇಲಾಖೆಯವರು ಕರೆಸಿಕೊಂಡವರಾಗಲಿ.

ಡಿಸೆಂಬರಿನ ಬದಲು ಅದು ಮೇ ಮೊದಲ ವಾರದಲ್ಲಿ ನಡೆಯಲಿ. ಆಗ ಒಡ್ಡಿನ ಬಿರುಕು ಕಣ್ಣಿಗೆ ಕಾಣುತ್ತದೆ, ದುರಸ್ತಿಗೆ ಇನ್ನೂ ನಾಲ್ಕು ವಾರ ಇರುತ್ತದೆ. ಬೆಳಿಗ್ಗೆ ಎಲ್ಲರೂ ಕಡಿದ ಗುಡ್ಡದ ಬುಡದಲ್ಲಿ ಸೇರಿ, ನೀರು ಹರಿಯುವ ದಾರಿಯಲ್ಲೇ ತೋಟ, ಮಕ್ಕಿ, ಬಯಲು ದಾಟಿ ಗಜನಿಯವರೆಗೆ ನಡೆದು ಬರಲಿ. ದಾರಿಯಲ್ಲಿ ತುಂಬಿಸಿದ ಗದ್ದೆಗಳ ಸರ್ವೆ ನಂಬರನ್ನು ಕಂದಾಯ ಇಲಾಖೆಯವರೇ ಬರೆದುಕೊಳ್ಳಲಿ. ಮಧ್ಯಾಹ್ನದ ಗೋಷ್ಠಿಗೆ ಎರಡೇ ವಿಷಯ ಸಾಕು: ಭೂ ಪರಿವರ್ತನೆಯ ಅರ್ಜಿಗೆ ಆ ಬಯಲಿನ ನೀರಿನ ದಾರಿಯ ನಕ್ಷೆಯನ್ನು ಕಡ್ಡಾಯ ಮಾಡುವುದು ಹೇಗೆ, ಮತ್ತು ಪ್ರತಿ ಗಜನಿ ಒಡ್ಡಿಗೆ ಕಾನೂನಿನ ಬಲವಿರುವ ರೈತರ ಸಂಘ ಕಟ್ಟಿ, ಮೀನಿನ ಹರಾಜಿನ ಹಣದಲ್ಲಿ ಒಂದು ಪಾಲು ಒಡ್ಡಿಗೆಂದೇ ಎತ್ತಿಡುವುದು ಹೇಗೆ. ಮೊದಲನೆಯದನ್ನು ಜಿಲ್ಲಾಧಿಕಾರಿಗಳ ಮುಂದೆ ಇಡಬೇಕು. ಎರಡನೆಯದಕ್ಕೆ ಬೆಂಗಳೂರಿನಲ್ಲಿ ಶಾಸನವಾಗಬೇಕು; ಮೂರೂ ತಾಲ್ಲೂಕುಗಳನ್ನು ಪ್ರತಿನಿಧಿಸುವ ಶಾಸಕರು ಆ ದಿನ ರೈತರೊಡನೆ ಒಡ್ಡಿನ ಮೇಲೆಯೇ ಕೂತು ಕರಡನ್ನು ಕೇಳಿಸಿಕೊಳ್ಳಲಿ.