ಊರು ಒಳ್ಳೇದು, ಸಾವ್ಕಾರ ಒಬ್ಬನೇ ಕೆಟ್ಟವನಾ?



ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಇದ್ದಾಗ ಓದಿ. ಅರ್ಧ ಓದಿ ಬೈಯೋದಕ್ಕಿಂತ ಪೂರ್ತಿ ಓದಿ ಬೈದ್ರೆ ನನಗೂ ಸಮಾಧಾನ.

ಪ್ರತಿ ವರ್ಷ ಜನವರಿ 5 ಬಂತಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ನಟ ವಜ್ರಮುನಿಯವರ ಫೋಟೋ ಓಡಾಡುತ್ತೆ. 2006ರಲ್ಲಿ ಅವರು ತೀರಿಕೊಂಡ ದಿನ ಅದು. ದೊಡ್ಡ ಕಣ್ಣು, ಗುಡುಗಿನಂಥ ದನಿ, ಕೆಳಗೆ ‘ಯಲಾ ಕುನ್ನಿ’ ಅಂತ ಮೀಮು. ಅದರ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರಿರೋದು ಅದರ ಜೊತೆ ಬರೋ ಮಾತಿನ ಮೇಲೆ. ‘ಆಗಿನ ಹಳ್ಳಿ ಎಷ್ಟು ಚಂದಿತ್ತು! ಊರಿಗೆಲ್ಲ ಕೆಟ್ಟವ ಅಂದ್ರೆ ಒಬ್ಬನೇ. ಉಳಿದವರೆಲ್ಲ ದೇವರಂಥ ಮಂದಿ.’

ಯಾವ ಊರಪ್ಪಾ ಅದು? ಯಾವ ತಾಲೂಕು? ಬಸ್ಸಿದ್ರೆ ಹೇಳ್ರಿ, ನಾವೂ ಒಮ್ಮೆ ಹೋಗಿ ನೋಡಿ ಬರ್ತೀವಿ.

ಮೊದಲು ಕಲಾವಿದರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡ್ತೀನಿ. 1944ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸದಾನಂದ ಸಾಗರ್ ಅನ್ನೋ ಹುಡುಗ ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಮಾಡಿದ. ಪುಟ್ಟಣ್ಣ ಕಣಗಾಲರ ಕಣ್ಣಿಗೆ ಬಿದ್ದ. 1969ರ ‘ಮಲ್ಲಮ್ಮನ ಪವಾಡ’ದಿಂದ ಹಿಡಿದು ಎಪ್ಪತ್ತು, ಎಂಬತ್ತರ ದಶಕ ಪೂರ್ತಿ, 1993ರ ‘ಆಕಸ್ಮಿಕ’ದಲ್ಲೂ ವಜ್ರಮುನಿ ಅಂದ್ರೆ ಖಳ, ಖಳ ಅಂದ್ರೆ ವಜ್ರಮುನಿ. ಹೀರೋ ದೊಡ್ಡವನಾಗಿ ಕಾಣಬೇಕಾದ್ರೆ ಎದುರಿಗೆ ನಿಂತವನೂ ಅಷ್ಟೇ ದೊಡ್ಡವನಿರಬೇಕು. ಡಾ. ರಾಜ್ ಎದುರು ಆ ತೂಕದಿಂದ ನಿಂತವರು ಕಡಿಮೆ. ಕೊನೇ ರೀಲಿನಲ್ಲಿ ಹೊಡೆತ ತಿಂದು, ಮುಂದಿನ ಸಿನಿಮಾದಲ್ಲಿ ಮತ್ತೆ ಮೀಸೆ ತಿರುವಿ ಬಂದರು. ಜನ ಅವರನ್ನ ‘ನಟ ಭೈರವ’ ಅಂದರು. ಸುಮ್ಮನೆ ಅನ್ನಲಿಲ್ಲ. ಹಂಗಾಗಿ, ವಜ್ರಮುನಿ ಅಭಿಮಾನಿಗಳು ದಯವಿಟ್ಟು ನನ್ನ ಮೇಲೆ ಬರಬೇಡಿ. ನನ್ನ ಜಗಳ ನಟನ ಜೊತೆ ಅಲ್ಲ, ಆ ನಟನಿಗೆ ಪಾತ್ರ ಬರೆದುಕೊಟ್ಟವರ ಜೊತೆ.

ಆ ಪಾತ್ರ ಹೆಂಗಿರ್ತಿತ್ತು ನೋಡ್ರಿ. ಊರಿನ ಸಾವ್ಕಾರ, ಇಲ್ಲಾ ಜಮೀನ್ದಾರ. ಹೊಲ ನುಂಗ್ತಾನೆ, ಬಡ್ಡಿ ತಿಂತಾನೆ, ಹೆಣ್ಮಕ್ಕಳ ಮೇಲೆ ಕಣ್ಣು ಹಾಕ್ತಾನೆ. ಎಲ್ಲಾ ಖರೆ. ಆದ್ರೆ ಅವನ ಜಾತಿ ಯಾವುದು? ಸಿನಿಮಾ ಹೇಳಲ್ಲ. ಅವನು ತುಳಿದವರ ಜಾತಿ ಯಾವುದು? ಅದನ್ನೂ ಹೇಳಲ್ಲ. ಊರಲ್ಲಿ ಕೇರಿ ಇದೆಯಾ? ಕ್ಯಾಮೆರಾ ಆ ಕಡೆ ತಿರುಗೋದೇ ಇಲ್ಲ. ಬಾವಿ ಒಂದೇ, ಗುಡಿ ಒಂದೇ, ಜಾತ್ರೆಯಲ್ಲಿ ಎಲ್ಲರೂ ಕೂಡಿ ಕುಣೀತಾರೆ. ಸಾವ್ಕಾರನ ಹಿಂದೆ ಕೋಲು ಹಿಡಿದು ನಿಲ್ಲೋ ನಾಲ್ಕು ಮಂದಿ ಮಾತ್ರ ಕಪ್ಪಗಿರ್ತಾರೆ, ಅವರಿಗೆ ಹೆಸರೂ ಇರಲ್ಲ. ಕೊನೆಗೆ ಸಾವ್ಕಾರ ಸಾಯ್ತಾನೆ, ಇಲ್ಲಾ ಜೈಲಿಗೆ ಹೋಗ್ತಾನೆ, ಊರು ಸ್ವಚ್ಛ ಆಗಿಬಿಡುತ್ತೆ. ಶುಭಂ.

‘ಸಂಪತ್ತಿಗೆ ಸವಾಲ್’ ತಗೊಳ್ರಿ, 1974ರದು. ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ಸಿನಿಮಾ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಮಂದಿಗೆ ಅದು ಮನೆಯದೇ ಇದ್ದಂಗೆ. ಬಡ ಹುಡುಗ ಭದ್ರನಾಗಿ ರಾಜಕುಮಾರ್, ಸೊಕ್ಕಿನ ಶ್ರೀಮಂತರ ಹುಡುಗಿ ದುರ್ಗಾ ಆಗಿ ಮಂಜುಳಾ, ಖಳನಾಗಿ ವಜ್ರಮುನಿ. ದುಡ್ಡಿನ ಸೊಕ್ಕು ಇಳಿಯುತ್ತೆ, ಭದ್ರನಿಗೂ ದುರ್ಗಾಳಿಗೂ ಮದುವೆ ಆಗುತ್ತೆ. ಥಿಯೇಟರಿನಲ್ಲಿ ಸೀಟಿ. ನಾವೂ ಹೊಡೆದಿದ್ದೀವಿ.

ಸವಾಲು ಹಾಕಿದ್ದು ಸಂಪತ್ತಿಗೆ. ಜಾತಿಗೆ ಅಲ್ಲ. ಭದ್ರ ಬಡವ ಖರೆ, ಆದ್ರೆ ಊರೊಳಗಿನ ಬಡವ. ಅದೇ ಭದ್ರ ನಮ್ಮ ಕೇರಿಯಿಂದ ಬಂದಿದ್ರೆ? ಎಮ್ಮೆ ಮೇಲೆ ಕುಂತು ಹಾಡ್ತಾ ಬರೋ ಹುಡುಗನ ಹೆಸರಿನ ಮುಂದೆ ಮಾದರ ಅಂತಿದ್ರೆ, ಹೊಲೆಯರ ಅಂತಿದ್ರೆ? ಆ ಕಥೆ ಮದುವೆ ಮಂಟಪಕ್ಕೆ ಹೋಗ್ತಿತ್ತೇನ್ರೀ? ಎಲ್ಲಿಗೆ ಹೋಗ್ತಿತ್ತು ಅಂತ ನಾಗರಾಜ ಮಂಜುಳೆ 2016ರಲ್ಲಿ ‘ಸೈರಾಟ್’ನಲ್ಲಿ ತೋರಿಸಿದ್ರು. ಅಲ್ಲಿ ಕೊಲ್ಲೋಕೆ ಬಂದವರು ಕಣ್ಣು ಕೆಂಪು ಮಾಡಿಕೊಂಡು ಬರಲಿಲ್ಲ. ಹುಡುಗಿಯ ಅಣ್ಣ, ಸಂಬಂಧಿಕರು. ತವರಿನಿಂದ ಉಡುಗೊರೆ ಹಿಡಿದು, ನಕ್ಕೊಂತ ಒಳಗೆ ಬಂದು, ಚಹಾ ಕುಡಿದರು. ಅವರಲ್ಲಿ ಖಳನಾಯಕ ಯಾರು ಅಂತ ಬೆರಳಿಟ್ಟು ತೋರಿಸ್ರಿ ನೋಡೋಣ.

ತೆಲಸಂಗ, ಅಥಣಿ, ಕಾಗವಾಡ ಕಡೆಯವರಾದ ನಮಗೆ ಇನ್ನೊಂದು ಲಾಭ ಇತ್ತು. ಗಡಿ ಮಂದಿ ನಾವು, ಕನ್ನಡ ಸಿನಿಮಾನೂ ನೋಡಿದ್ವಿ, ಮರಾಠಿನೂ ನೋಡಿದ್ವಿ. ವಜ್ರಮುನಿ ಒಂದು ಕಣ್ಣಾದ್ರೆ ನಿಳು ಫುಲೆ ಇನ್ನೊಂದು ಕಣ್ಣು. ಪುಣೆಯಲ್ಲಿ ಮಿಲಿಟರಿ ವೈದ್ಯಕೀಯ ಕಾಲೇಜಿನ ತೋಟದ ಮಾಲಿ ಆಗಿದ್ದ ಮನುಷ್ಯ. ರಾಷ್ಟ್ರ ಸೇವಾ ದಳದಲ್ಲಿ ಬೆಳೆದ ಸಮಾಜವಾದಿ. ತಮಾಶಾ ಧಾಟಿಯ ಲೋಕನಾಟ್ಯದಿಂದ ಬಂದು, 1968ರಲ್ಲಿ ‘ಏಕ್ ಗಾವ್ ಬಾರಾ ಭಾನಗಡಿ’ಯಿಂದ ಸಿನಿಮಾಕ್ಕೆ ಇಳಿದರು. ತೆರೆ ಮೇಲಿನ ಅವರ ಪಾಟೀಲರನ್ನ, ಸರಪಂಚರನ್ನ ನೋಡಿ ಹಳ್ಳಿ ಹೆಣ್ಮಕ್ಕಳು ಖರೇನೇ ಬೈತಿದ್ರು. ತೆರೆ ಹಿಂದೆ ಅದೇ ಮನುಷ್ಯ ದಾಭೋಲ್ಕರರ ಮೂಢನಂಬಿಕೆ ವಿರೋಧಿ ಚಳವಳಿಗೆ ಹೆಗಲು ಕೊಡ್ತಿದ್ರು, ಡಾ. ಶ್ರೀರಾಮ ಲಾಗೂ ಜೊತೆ ಸೇರಿ ಕಾರ್ಯಕರ್ತರಿಗಾಗಿ ನಿಧಿ ಕೂಡಿಸ್ತಿದ್ರು. 2009ರಲ್ಲಿ ತೀರಿಕೊಂಡರು.

ಆ ನಿಳು ಫುಲೆಗೆ 1975ರಲ್ಲಿ ಒಂದು ಪಾತ್ರ ಸಿಕ್ತು. ಸಿನಿಮಾ ‘ಸಾಮನಾ’. ಬರೆದವರು ವಿಜಯ ತೆಂಡೂಲ್ಕರ್, ನಿರ್ದೇಶನ ಜಬ್ಬಾರ್ ಪಟೇಲ್. ನಿಳು ಫುಲೆ ಹಿಂದೂರಾವ್ ಧೋಂಡೆ ಪಾಟೀಲ, ಅಂದ್ರೆ ಸಕ್ಕರೆ ಕಾರ್ಖಾನೆಯ ದೊರೆ. ಅವನು ಕೂಗಾಡಲ್ಲ. ಮೆಲ್ಲಗೆ ಮಾತಾಡ್ತಾನೆ. ದಾರಿಯಲ್ಲಿ ಕುಡಿದು ಬಿದ್ದಿದ್ದ ಮಾಸ್ತರನ್ನ ಮನೆಗೆ ಕರೆದು ಊಟ ಹಾಕ್ತಾನೆ. ಊರಿಗೆ ಕೆಲಸ ಕೊಟ್ಟಿದ್ದಾನೆ, ಅಭಿವೃದ್ಧಿ ಮಾಡಿದ್ದಾನೆ. ಎಲ್ಲಾ ಸರಿ ಐತಿ. ಒಂದೇ ಒಂದು ಪ್ರಶ್ನೆ ಉಳಿಯುತ್ತೆ. ಆ ಮಾಸ್ತರ್, ಅಂದ್ರೆ ಲಾಗೂ, ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಾನೆ: ಮಾರುತಿ ಕಾಂಬಳೆಗೆ ಏನಾಯ್ತು?

ಕಾಂಬಳೆ. ನಮ್ಮ ಕಡೆ ಈ ಅಡ್ಡಹೆಸರನ್ನ ಬಿಡಿಸಿ ಹೇಳಬೇಕಾ? ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೀರಿ, ಕಾಂಬಳೆ ಇಲ್ಲದ ಪುಟ ಸಿಕ್ರೆ ನನಗೆ ಹೇಳ್ರಿ. ಆ ಪ್ರಶ್ನೆ ಕೇಳಿದಾಗ ಊರಿನವರು ಮುಖ ತಿರುಗಿಸ್ತಾರೆ, ಬೇರೆ ಮಾತು ತೆಗೀತಾರೆ. ಪಾಟೀಲ ಎಷ್ಟು ಅಪರಾಧಿಯೋ ಆ ಮೌನಾನೂ ಅಷ್ಟೇ ಅಪರಾಧಿ ಅಂತ ಸಿನಿಮಾ ನೋಡಿದವನಿಗೆ ಗೊತ್ತಾಗುತ್ತೆ. ಇಬ್ಬರೂ ದೊಡ್ಡ ನಟರೇ. ಒಬ್ಬರಿಗೆ ಸಿಕ್ಕಿದ್ದು ಕೊಲ್ಲೋ ಸಾವ್ಕಾರ, ಇನ್ನೊಬ್ಬರಿಗೆ ಸಿಕ್ಕಿದ್ದು ಕೊಲ್ಲೋ ಸಾವ್ಕಾರನ ಜೊತೆಗೆ ಸತ್ತವನ ಹೆಸರು. ನಮ್ಮ ಜನಪ್ರಿಯ ಕನ್ನಡ ಸಿನಿಮಾ ವಜ್ರಮುನಿಯವರ ಕೈಯಿಂದ ಅಷ್ಟೊಂದು ಮಂದಿಯನ್ನ ತುಳಿಸ್ತು, ತುಳಿಸಿಕೊಂಡವರ ಅಡ್ಡಹೆಸರು ಮಾತ್ರ ಕೇಳಲಿಲ್ಲ.

‘ಸಿನಿಮಾನ ಸಿನಿಮಾದಂಗ ನೋಡ್ರಿ, ಎಲ್ಲದರಲ್ಲೂ ಜಾತಿ ತರಬ್ಯಾಡ್ರಿ ಸರ್.’ ಈ ಕಮೆಂಟ್ ಬರುತ್ತೆ ಅಂತ ಗೊತ್ತು. ಹಂಗಾದ್ರೆ ಸಿನಿಮಾ ಅಲ್ಲದ್ದೊಂದು ಹೇಳ್ತೀನಿ.

ಗಂಗಾವತಿ ತಾಲೂಕಿನ ಮರಕುಂಬಿ. 2014ರ ಆಗಸ್ಟ್ 28. ಅಲ್ಲಿ ದಲಿತರಿಗೆ ಕ್ಷೌರ ಇಲ್ಲ, ಹೋಟೆಲಿನಲ್ಲಿ ಪ್ರವೇಶ ಇಲ್ಲ ಅಂತ ಮೊದಲಿಂದ ಜಗಳ ಇತ್ತು. ಬೆಂಕಿ ಹತ್ತಿದ್ದು ಮಾತ್ರ ಗಂಗಾವತಿಯ ಟಾಕೀಜಿನಲ್ಲಿ ಆದ ತಂಟೆಯಿಂದ. ಹೌದು, ಸಿನಿಮಾ ಟಾಕೀಜು. ಸಿನಿಮಾ ನೋಡೋಕೆ ಹೋದ ಹುಡುಗರ ಜಗಳ ಊರಿಗೆ ಬಂದು ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸ್ ನಡೀತು. 2024ರ ಅಕ್ಟೋಬರ್ 24ಕ್ಕೆ ಕೊಪ್ಪಳ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ತು. ಕೆಲವೇ ವಾರಗಳಲ್ಲಿ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ತು.

98 ಮಂದಿ! ಇದನ್ನ ಯಾವ ಡೈರೆಕ್ಟರ್ ಸಿನಿಮಾ ಮಾಡ್ತಾನೆ? 98 ಖಳನಾಯಕರಿಗೆ ಎಲ್ಲಿಂದ ಮೀಸೆ ಹಚ್ತಾನೆ? ಅವರು ಯಾರೂ ವಜ್ರಮುನಿಯಂಗೆ ಕಣ್ಣು ಬಿಡೋರಲ್ಲ. ಬೆಳಗಾದ್ರೆ ಹೊಲಕ್ಕೆ ಹೋಗೋರು, ಸಂತೆ ಮಾಡೋರು, ಮಕ್ಕಳನ್ನ ಶಾಲೆಗೆ ಕಳಿಸೋರು. ‘ಉಳಿದವರೆಲ್ಲ ದೇವರಂಥ ಮಂದಿ’ ಅಂದ್ರಲ್ಲ, ಆ ಉಳಿದವರೇ ಇವರು. ಆ ತೀರ್ಪು ಬಂದ ಅಕ್ಟೋಬರಿನಲ್ಲೇ ವಜ್ರಮುನಿ ನೆನಪಿನ ಮೇಲೆ ಕಟ್ಟಿದ ‘ಯಲಾಕುನ್ನಿ’ ಅನ್ನೋ ಸಿನಿಮಾನೂ ತೆರೆಗೆ ಬಂತು. ಯಾವುದರ ಬಗ್ಗೆ ಜಾಸ್ತಿ ಪೋಸ್ಟ್ ನೋಡಿದ್ರಿ ಅಂತ ನಿಮ್ಮನ್ನ ನೀವೇ ಕೇಳಿಕೊಳ್ಳಿ.

ಇದಕ್ಕಿಂತ ಹಿಂದಿನದು ಕಂಬಾಲಪಲ್ಲಿ. 2000ದ ಮಾರ್ಚ್ 11, ಚಿಂತಾಮಣಿ ತಾಲೂಕು. ಏಳು ಮಂದಿ ದಲಿತರನ್ನ ಮನೆಯೊಳಗೆ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿಗಳು ತಿರುಗಿಬಿದ್ದಿದ್ರು. ಏಳು ಮಂದಿ ಸತ್ತದ್ದು ಖರೆ, ಕೊಂದವರು ಮಾತ್ರ ಕಾಗದದ ಮೇಲೆ ಯಾರೂ ಇಲ್ಲ. ಖಳನಾಯಕನೇ ಇಲ್ಲದ ಕೊಲೆ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹಾಡಿ ಹೊಗಳೋರಿಗೆ ಮುಖಕ್ಕೇ ಉತ್ತರ ಕೊಟ್ಟಿದ್ರು. ಹಳ್ಳಿ ಅನ್ನೋದೇ ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತೀಯತೆಯ ಗೂಡು ಅನ್ನೋದು ಅವರ ವಾದ. ಅವರು ಒಬ್ಬ ಕೆಟ್ಟ ಗೌಡನ ಬಗ್ಗೆ ಮಾತಾಡಲಿಲ್ಲ, ವ್ಯವಸ್ಥೆ ಬಗ್ಗೆ ಮಾತಾಡಿದ್ರು. ಆಮೇಲೆ ನಮ್ಮ ಸಿನಿಮಾಗಳು ದಶಕಗಟ್ಟಲೆ ಉಲ್ಟಾ ಪಾಠ ಮಾಡಿದ್ವು. ಊರು ಒಳ್ಳೇದು, ಒಬ್ಬನನ್ನ ತೆಗೆದ್ರೆ ಸಾಕು ಅಂತ. ಆ ಪಾಠ ನಮ್ಮ ಹುಡುಗರ ತಲೆಯಲ್ಲೂ ಕುಂತಿದೆ, ನನ್ನ ಸಂಕಟ ಅದು. ಹೋರಾಟಕ್ಕೆ ಬಂದ ಹುಡುಗ ಮೊದಲು ಕೇಳೋದೇನು? ‘ಅಣ್ಣಾ, ಇದರ ಹಿಂದೆ ಯಾರಿದ್ದಾರೆ, ಹೆಸರು ಹೇಳ್ರಿ.’ ಒಬ್ಬನ ಪ್ರತಿಕೃತಿ ಸುಟ್ಟು, ಫೋಟೋ ಹಾಕಿ, ಮನೆಗೆ ಹೋಗ್ತೀವಿ. ವ್ಯವಸ್ಥೆ ಮರುದಿನ ಹತ್ತು ಗಂಟೆಗೆ ಬಂದು ಕುರ್ಚಿ ಮೇಲೆ ಕುಂದರುತ್ತೆ.

ನಾನು ಗುಮಾಸ್ತ. ಆ ಕುರ್ಚಿಗಳ ನಡುವೆನೇ ನನ್ನ ಹೊಟ್ಟೆಪಾಡು. ಕೇರಿಯವರಿಗೆ ಹೆಣ ಹೂಳೋಕೆ ಜಾಗ ಕೊಡ್ರಿ ಅಂತ ಬಂದ ಅರ್ಜಿ ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಹೋಗೋದನ್ನ ನೋಡಿದ್ದೀನಿ. ಯಾರೂ ‘ಇಲ್ಲ’ ಅನ್ನಲ್ಲ. ‘ಉತಾರ ಹಚ್ಚಿಲ್ಲ’, ‘ಸರ್ವೆ ಆಗಬೇಕು’, ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’, ‘ಚಹಾ ತಗೋರಿ’. ಎಲ್ಲರೂ ನಗ್ತಾನೇ ಮಾತಾಡ್ತಾರೆ. ಫೈಲು ಮಾತ್ರ ಕೆಂಪು ದಾರದೊಳಗೆ ಮಲಗಿರುತ್ತೆ. ಅಲ್ಲಿ ವಜ್ರಮುನಿ ಯಾರು? ಯಾರೂ ಅಲ್ಲ. ಹೆಣ ಮಾತ್ರ ಹಳ್ಳದ ದಂಡೆಗೆ ಹೋಗುತ್ತೆ.

ಅದಕ್ಕೇ ಸಿನಿಮಾ ಮಾಡೋ ನಮ್ಮ ಹುಡುಗರಿಗೆ, ಶಾರ್ಟ್ ಫಿಲಂ ಮಾಡೋರಿಗೆ, ಬೀದಿನಾಟಕದವರಿಗೆ ಒಂದು ಮಾತು. ದೊಡ್ಡ ಖಳನಾಯಕನನ್ನ ಬರೀಬೇಡಿ ಅಂತ ಹೇಳ್ತಿಲ್ಲ. ಬರೀರಿ. ವಜ್ರಮುನಿಯಂಥ ನಟ ಸಿಕ್ರೆ ಪುಣ್ಯ. ಆದ್ರೆ ಅವನು ನಿಂತ ನೆಲದ ಉತಾರ ಯಾರ ಹೆಸರಲ್ಲಿದೆ, ಅವನ ಹಿಂದೆ ಕೋಲು ಹಿಡಿದವ ಯಾವ ಓಣಿಯವ, ಅವನು ಬೈದಾಗ ಕಟ್ಟೆ ಮೇಲೆ ಕುಂತು ನಕ್ಕವರು ಯಾರ‍್ಯಾರು, ಇಷ್ಟೂ ಬರೀರಿ. ‘ಕುನ್ನಿ’ ಅನ್ನೋ ಬೈಗುಳ ನಿಮಗೆ ಮೀಮು. ಚಹಾದಂಗಡಿಯಲ್ಲಿ ಬೇರೆ ಕಪ್ಪು ಹಿಡಿದು ಹೊರಗೆ ನಿಂತ ನಮ್ಮ ಹಿರಿಯರು ಅದಕ್ಕಿಂತ ಕೀಳು ಬೈಗುಳವನ್ನ ನಿಜವಾದ ಸಾವ್ಕಾರರ ಬಾಯಿಂದ ಕೇಳಿದ್ದಾರೆ. ಆಗ ಅಂಗಡಿಯೊಳಗೆ ಕುಂತವರು ಯಾರೂ ಎದ್ದು ನಿಲ್ಲಲಿಲ್ಲ.

ಉಳಿದವರಿಗೆ ಒಂದು ಕೆಲಸ. ಕೆಳಗೆ ಕಮೆಂಟಿನಲ್ಲಿ ನಿಮ್ಮೂರಿನ ಬಗ್ಗೆ ಬರೀರಿ. ಸ್ಮಶಾನ ಐತೋ ಇಲ್ಲೋ, ಕ್ಷೌರದಂಗಡಿ ಒಳಗೆ ಬಿಡ್ತಾರೋ ಇಲ್ಲೋ, ಗುಡಿ ಹೊಸ್ತಿಲು ದಾಟ್ತೀರೋ ಇಲ್ಲೋ. ಒಬ್ಬ ಕೆಟ್ಟವನ ಹೆಸರು ಬೇಡ. ಊರಿನ ಹೆಸರು ಬರೀರಿ. ಆಮೇಲೆ ಮಾಸ್ತರನ ಪ್ರಶ್ನೆಯನ್ನ ನಾವೂ ಕನ್ನಡದಾಗ, ಗಟ್ಟಿಯಾಗಿ, ಊರ ಕಟ್ಟೆ ಮುಂದೆ ನಿಂತು ಕೇಳೋಣ: ಮಾರುತಿ ಕಾಂಬಳೆಗೆ ಏನಾತು?

ಜೈ ಭೀಮ್.