ಕೂಸಿನ ಕೋಣೆಗೆ ಬಣ್ಣವೋ, ಗಾಳಿಯೋ?

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಕುರಿ. ಗಿಡ್ಡ ಕಾಲಿನ, ಮೈ ತುಂಬಿದ ಆ ತಳಿಗೆ ಊರಿನ ಹೆಸರೇ ನಿಂತುಬಿಟ್ಟಿದೆ. ಕುರಿ ಸಾಕುವವರು ಈಯುವ ಕುರಿಗೆ ಜಾಗ ಹುಡುಕುವಾಗ ಎರಡು ಸಂಗತಿಗಳನ್ನು ನೋಡುವರು: ನೆಲ ಒಣಗಿರಬೇಕು, ಗಾಳಿ ಆಡುತ್ತಿರಬೇಕು. ಗಂಜಳ ನಿಂತ, ಮುಚ್ಚಿದ ಕೊಟ್ಟಿಗೆಯಲ್ಲಿ ಅಮೋನಿಯಾ ಎದ್ದು ಮರಿಯ ಎದೆಯನ್ನು ಕೆಡಿಸುವುದೆಂಬುದನ್ನು ಅವರು ರಸಾಯನಶಾಸ್ತ್ರ ಓದದೆಯೇ ಬಲ್ಲರು. ಕುರಿಮರಿಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು ನಮ್ಮ ಕೂಸುಗಳ ವಿಷಯದಲ್ಲಿ ಅಷ್ಟೇ ಎಚ್ಚರದಿಂದಿರುವೆವೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಎಬ್ಬಿಸಿದುದು ನಮ್ಮ ಮನೆತನದಲ್ಲಿಯೇ ನಡೆದ ಒಂದು ಪ್ರಸಂಗ.

ನಮ್ಮ ಅಣ್ಣನ ಮಗಳು ಹುಟ್ಟಿ ಬೆಳೆದುದು ಬಂಡೂರಿನಲ್ಲಿ. ಮದುವೆಯಾಗಿ ಸೇರಿದುದು ಬೆಂಗಳೂರನ್ನು. ಗಂಡಹೆಂಡಿರು ಎರಡು ವರ್ಷ ಒಂದೇ ಕೋಣೆಯ ಬಾಡಿಗೆಮನೆಯಲ್ಲಿ ಕಾಲ ಕಳೆದರು. ಅವಳು ಗರ್ಭಿಣಿಯಾದ ಮೇಲೆ ದೊಡ್ಡ ಮನೆ ಬೇಕೆನಿಸಿ, ಏಳನೆಯ ತಿಂಗಳಲ್ಲಿ ಹಳೆಯದೊಂದು ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿಗೆ ಬಂದರು. ಬರುವ ಕೂಸಿಗಾಗಿ ಒಂದು ಕೋಣೆಯನ್ನು ಮೀಸಲಿಟ್ಟರು. ಗೋಡೆಗೆ ಹಳದಿ, ಕಿಟಕಿ ಬಾಗಿಲುಗಳಿಗೆ ಹೊಳೆಯುವ ಎಣ್ಣೆಬಣ್ಣ, ಪ್ಲೈವುಡ್ಡಿನ ಹೊಸ ಬೀರು, ಆನೆ ಜಿಂಕೆಗಳ ಚಿತ್ರವಿರುವ ಪರದೆ — ಒಂದೊಂದನ್ನೂ ಅಳಿಯಂದಿರು ಉತ್ಸಾಹದಿಂದ ಮಾಡಿಸಿದರು. ಬಣ್ಣದ ಕೆಲಸ ಮುಗಿದುದು ವೈದ್ಯರು ಹೇಳಿದ ಹೆರಿಗೆಯ ದಿನಕ್ಕೆ ಎರಡು ವಾರ ಮುಂಚೆ. ಬಾಣಂತನ ಮಾಡಲು ಅತ್ತಿಗೆಯವರು ಬಂಡೂರಿನಿಂದ ಬಂದರು. ನಾವೂ ಅಂದು ಅಲ್ಲಿಯೇ ಇದ್ದೆವು.

ಕೋಣೆಯೊಳಗೆ ಕಾಲಿಟ್ಟೊಡನೆ ಅತ್ತಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಇದ್ಯಾಕವ್ವಾ ಇಂಗೆ ನಾರ್ತದೆ? ಕಣ್ಣೆಲ್ಲಾ ಉರೀತವೆ" ಎಂದರು. "ಹೊಸಾ ಬಣ್ಣ ಕಣವ್ವಾ, ನಾಕು ದಿನದಲ್ಲಿ ಹೋಯ್ತದೆ" ಎಂದಳು ಮಗಳು. ಅವಳಿಗೆ ಆ ವಾರವೆಲ್ಲ ತಲೆನೋವು. ಅತ್ತಿಗೆ ಕ್ಷಣಕಾಲ ಯೋಚಿಸಿ, "ಕೂಸು ಬಂದ್ಮೇಲೆ ಕಿಟಕಿ ಮುಚ್ಚಿ ದಿನಾ ಕೆಂಡದ ಮ್ಯಾಲೆ ಸಾಂಬ್ರಾಣಿ ಹಾಕಿದ್ರೆ ಸರಿಹೋಯ್ತದೆ ಬುಡು" ಎಂದರು.

ತಾಯಿಯ ಮೂಗು ನಗರದ ತಪ್ಪನ್ನು ಒಡನೆಯೇ ಹಿಡಿಯಿತು. ಆದರೆ ಆಕೆ ಸೂಚಿಸಿದ ಪರಿಹಾರ ಹಳ್ಳಿಯ ತಪ್ಪಾಗಿತ್ತು. ಎರಡೂ ಕೂಡಿದರೆ ನಷ್ಟ ಇನ್ನೂ ಕಣ್ಣು ಬಿಡದ ಒಂದು ಜೀವಕ್ಕೆ. ಆದುದರಿಂದಲೇ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸಬೇಕೆಂದು ನಮಗೆ ತೋರಿತು.

ನಮ್ಮ ಸೀಮೆಯ ಹಳೆಯ ಪದ್ಧತಿಯನ್ನು ಮೊದಲು ನೋಡೋಣ. ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತದ ಅನಂತರ ಹೆಣ್ಣುಮಗಳು ತಾಯಿಯ ಮನೆಗೆ ಹೋದರೆ, ಕೂಸಿನೊಡನೆ ಗಂಡನ ಮನೆಗೆ ಮರಳುವುದು ಹೆರಿಗೆಯಾಗಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ. ಆಕೆ ಇಲ್ಲದ ಆ ತಿಂಗಳುಗಳಲ್ಲಿ ಗಂಡನ ಮನೆಯಲ್ಲಿ ಬಣ್ಣ ಬಳಿದರೂ, ಮರಗೆಲಸ ನಡೆದರೂ ಅದರ ಗಾಳಿ ಬಸುರಿಗೂ ತಾಗದು, ಹಸುಳೆಗೂ ತಾಗದು. ತವರಿನ ಮನೆಗೋ ಹಬ್ಬಕ್ಕೊಮ್ಮೆ ಸುಣ್ಣ. ಸುಣ್ಣದ ತಿಳಿಯಲ್ಲಿರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಒಣಗುವಾಗ ಹೊರಬರುವುದು ನೀರಿನ ಆವಿಯೊಂದೇ. ಇಂದು ಆಸ್ಪತ್ರೆ ಹತ್ತಿರವಿರಲೆಂದು ಹೆರಿಗೆ ನಗರದಲ್ಲಿಯೇ ಆಗುತ್ತದೆ; ತವರು ತಾನೇ ಮಗಳ ಮನೆಗೆ ಬರುತ್ತದೆ. ಇದು ಒಳ್ಳೆಯದೇ. ಆದರೆ ಹಳೆಯ ಪದ್ಧತಿ ಅರಿತೋ ಅರಿಯದೆಯೋ ಒದಗಿಸುತ್ತಿದ್ದ ಆ ಕೆಲವು ತಿಂಗಳ ಬಿಡುವು ಕಳೆದುಹೋಯಿತು ಎಂಬುದನ್ನು ನಾವು ಗಮನಿಸಿಲ್ಲ.

ಈ ಬಿಡುವು ಏಕೆ ಬೇಕು? ಎಣ್ಣೆಬಣ್ಣವನ್ನು ತೆಳುಗೊಳಿಸಲು ಟರ್ಪೆಂಟೈನ್ ಮುಂತಾದ ದ್ರಾವಕಗಳನ್ನು ಬೆರೆಸುವರು. ಬಣ್ಣ ಒಣಗುವುದೆಂದರೆ ಈ ದ್ರಾವಕಗಳು ಆವಿಯಾಗಿ ಕೋಣೆಯ ಗಾಳಿಯನ್ನು ಸೇರುವುದು, ಉಳಿದ ಎಣ್ಣೆ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ನೀರಿನಲ್ಲಿ ಕಲಸಿದ ಬಣ್ಣಗಳಲ್ಲಿ ಇಂಥ ಆವಿ ಕಡಮೆ, ಇಲ್ಲವೇ ಇಲ್ಲವೆಂದಲ್ಲ. ಮೇಲ್ಮೈ ಮುಟ್ಟಿದರೆ ಅಂಟದಂತಾದ ಮೇಲೆಯೂ ಒಳಪದರದಿಂದ ಆವಿ ಸೋರುತ್ತಲೇ ಇರುತ್ತದೆ. ಪ್ಲೈವುಡ್ಡಿನ ಸಂಗತಿ ಇನ್ನೂ ದೀರ್ಘವಾದುದು. ಅದರ ಪದರಗಳನ್ನು ಅಂಟಿಸುವ ರಾಳ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡಿನಿಂದ ತಯಾರಾದುದು. ಕಣ್ಣು ಗಂಟಲುಗಳನ್ನು ಉರಿಸುವ ಈ ಅನಿಲ ಹೊಸ ಹಲಗೆಯಿಂದ ತಿಂಗಳುಗಟ್ಟಲೆ ಹೊರಬರುತ್ತದೆ. ಸೆಕೆ ಮತ್ತು ತೇವ ಹೆಚ್ಚಿದಂತೆ ಇನ್ನೂ ಹೆಚ್ಚಾಗಿ ಬರುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು.

ವಾಸನೆ ಹೋದರೆ ಅಪಾಯವೂ ಹೋಯಿತೆಂದು ತಿಳಿಯಬಾರದು. ನಮ್ಮ ಮೂಗು ಬೇಗ ದಣಿಯುವ ಇಂದ್ರಿಯ. ಅದೇ ಕೋಣೆಯಲ್ಲಿರುವವನಿಗೆ ಸ್ವಲ್ಪ ಹೊತ್ತಿನಲ್ಲಿಯೇ ವಾಸನೆ ತಿಳಿಯದಂತಾಗುತ್ತದೆ. ಮಗಳಿಗೆ ತಿಳಿಯದುದು ಹೊರಗಿನಿಂದ ಬಂದ ತಾಯಿಗೆ ತಿಳಿದುದು ಹೀಗೆ.

ಎರಡನೆಯ ಶತ್ರು ಹಳೆಯ ಬಣ್ಣದ ಧೂಳು. ಬಣ್ಣಕ್ಕೆ ಹೊಳಪು ಬಾಳಿಕೆಗಳು ಬರಲೆಂದು ಸೀಸದ ಸಂಯುಕ್ತಗಳನ್ನು ಬಹುಕಾಲ ಬಳಸಿದರು; ಹಳದಿಗೆ ಸೀಸದ ಕ್ರೋಮೇಟ್ ಪ್ರಸಿದ್ಧ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ನರು ಮಕ್ಕಳಲ್ಲಿ ಕಂಡುಬಂದ ಸೀಸದ ವಿಷಕ್ಕೆ ಮನೆಯ ಗೋಡೆ ಕಟಕಟೆಗಳ ಬಣ್ಣವೇ ಮೂಲವೆಂದು 1904ರಲ್ಲಿಯೇ ಸಾರಿದರು. ನಮ್ಮ ದೇಶದಲ್ಲಿ ಮನೆಬಣ್ಣಗಳ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಎಂದರೆ ಅದಕ್ಕೆ ಮುಂಚೆ ಬಳಿದ ಕಿಟಕಿ ಬಾಗಿಲುಗಳಲ್ಲಿ ಸೀಸವಿರುವ ಸಂಭವ ಇದ್ದೇ ಇದೆ. ಹೊಸ ಬಣ್ಣ ಹಿಡಿಯಲೆಂದು ಅವನ್ನು ಉಪ್ಪುಕಾಗದದಿಂದ ಒಣದಾಗಿ ಉಜ್ಜಿದರೆ ಸೀಸ ನುಣ್ಣನೆಯ ಪುಡಿಯಾಗಿ ನೆಲದ ಮೇಲೆ ಕೂರುತ್ತದೆ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಯಲ್ಲಿ ಸಂಗ್ರಹಿಸುತ್ತದೆ. ಬಸುರಿನಲ್ಲಿ ತಾಯಿಯ ಮೂಳೆಯ ಕ್ಯಾಲ್ಸಿಯಂ ಕರಗಿ ಕೂಸಿಗೆ ಹೋಗುವಾಗ ಸೀಸವೂ ಜೊತೆಗೆ ಹೋಗುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿನ ಪಾಲು ಚಿಕ್ಕ ಮಕ್ಕಳ ರಕ್ತವನ್ನು ಸೇರಬಲ್ಲುದು. ಅದು ಕೆಡಿಸುವುದು ಬೆಳೆಯುವ ಮಿದುಳನ್ನು. ಇಷ್ಟು ಸೀಸವಾದರೆ ಬಾಧಕವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಆ ಕೋಣೆಯಲ್ಲಿ ಮಲಗುವವರ ಕಡೆ ನೋಡೋಣ. ಆಗತಾನೆ ಹುಟ್ಟಿದ ಕೂಸು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ಅದು ಸೇವಿಸುವ ಗಾಳಿ ದೊಡ್ಡವರ ಎರಡರಷ್ಟಾದರೂ ಆದೀತು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಹೆಚ್ಚಿನವು ಮೂಡುವುದು ಹುಟ್ಟಿದ ಮೇಲೆಯೇ. ನಾವು ಕೆಟ್ಟ ಗಾಳಿಯಿಂದ ಎದ್ದು ಹೊರಗೆ ಹೋಗಬಹುದು. ದಿನದ ಬಹುಭಾಗ ನಿದ್ರಿಸುವ ಕೂಸಿಗೆ ಆ ಸ್ವಾತಂತ್ರ್ಯವಿಲ್ಲ.

ಪರಿಹಾರ ಬಹು ಸುಲಭ: ಕಿಟಕಿ. ಗಣಿತದ ಅಭ್ಯಾಸವುಳ್ಳ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಹತ್ತು ಅಡಿ ಉದ್ದ, ಅಗಲ, ಎತ್ತರಗಳ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿಯಿರುತ್ತದೆ. ತೆರೆದ ಕಿಟಕಿಯಿಂದ ಗಂಟೆಗೆ ಅಷ್ಟೇ ಹೊಸ ಗಾಳಿ ಬಂದು ಚೆನ್ನಾಗಿ ಬೆರೆಯುವುದೆಂದು ಇಟ್ಟುಕೊಳ್ಳೋಣ. ಆಗ ಮೊದಲಿದ್ದ ಮಲಿನ ಅನಿಲದಲ್ಲಿ ಒಂದು ಗಂಟೆಯ ಅನಂತರ ಉಳಿಯುವುದು ಶೇಕಡ 37. ಮೂರು ಗಂಟೆಗಳ ಅನಂತರ ಶೇಕಡ 5 ಮಾತ್ರ. ಕಿಟಕಿ ಮುಚ್ಚಿ, ಅಷ್ಟು ಗಾಳಿ ಬರಲು ಐದು ಗಂಟೆ ಹಿಡಿಯುವಂತಾದರೆ, ಮೂರು ಗಂಟೆಗಳ ಅನಂತರವೂ ಶೇಕಡ 55ರಷ್ಟು ಉಳಿದಿರುತ್ತದೆ. ಹೊಸ ಬಣ್ಣ, ಹೊಸ ಹಲಗೆಗಳು ಅನಿಲವನ್ನು ಬಿಡುತ್ತಲೇ ಇರುವುದರಿಂದ ಒಂದು ದಿನ ಕಿಟಕಿ ತೆರೆದರೆ ಸಾಲದು, ವಾರಗಟ್ಟಲೆ ತೆರೆದಿರಬೇಕು.

ಈಗ ಅತ್ತಿಗೆಯವರ ಸಾಂಬ್ರಾಣಿಯ ಮಾತು. ಬಾಣಂತಿಕೋಣೆಯನ್ನು ಮುಚ್ಚಿ, ಕೆಂಡದ ಮೇಲೆ ಧೂಪ ಹಾಕಿ, ಮಿಂದ ಕೂಸಿನ ತಲೆಗೂದಲನ್ನು ಆ ಹೊಗೆಗೆ ಒಡ್ಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಹಿಂದಿನ ಹೆಂಚಿನ ಮನೆಗಳಲ್ಲಿ ಆ ಹೊಗೆಯ ಬಹುಭಾಗ ಹೆಂಚಿನ ಸಂದುಗಳಿಂದ ಮೇಲೇರಿ ಹೋಗುತ್ತಿತ್ತು. ನಗರದ ಮನೆಗೆ ಬಾಣಂತನದ ಪದ್ಧತಿ ಬಂದಿತು, ಹೆಂಚು ಬರಲಿಲ್ಲ. ಕಾಂಕ್ರೀಟಿನ ತಾರಸಿ, ಗಾಜಿನ ಕಿಟಕಿಗಳ ನಡುವೆ ಹೊಗೆಗೆ ದಾರಿಯೇ ಇಲ್ಲ. ಇದ್ದಲಿನ ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೊಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹೆಂಚಿನ ಮನೆಯಲ್ಲಿಯೂ ಹೊಗೆ ಹಿತಕರವಾಗಿರಲಿಲ್ಲ. ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಂತೂ ಅದು ಪ್ರಾಣಾಪಾಯಕ್ಕೆ ಎಡೆಮಾಡಬಹುದು.

ಕೆಲವರು ಆಕ್ಷೇಪಿಸಬಹುದು: ಕಿಟಕಿ ತೆರೆದರೆ ಸೊಳ್ಳೆ ಬರುವುದಿಲ್ಲವೆ? ಚಳಿಯಾಗುವುದಿಲ್ಲವೆ? ರಸ್ತೆಯ ಧೂಳು ನುಗ್ಗುವುದಿಲ್ಲವೆ? ಇವು ನಿಜವಾದ ಪ್ರಶ್ನೆಗಳೇ. ಸೊಳ್ಳೆಗೆ ಜಾಲರಿಯೂ ಸೊಳ್ಳೆಪರದೆಯೂ ಉಂಟು. ಕೂಸಿಗೆ ತಕ್ಕಷ್ಟು ಬಟ್ಟೆ ಹಾಕಿ, ನೇರವಾಗಿ ಬೀಸುವ ಗಾಳಿಯಿಂದ ತೊಟ್ಟಿಲನ್ನು ಸರಿಸಿಟ್ಟರೆ ಚಳಿಯ ಭಯವಿಲ್ಲ. ರಸ್ತೆಯ ಕಡೆಯ ಕಿಟಕಿಯನ್ನು ಬಿಟ್ಟು ಇನ್ನೊಂದು ಕಡೆಯದನ್ನು, ವಾಹನಗಳು ವಿರಳವಾದ ಹೊತ್ತಿನಲ್ಲಿ ತೆರೆಯಬಹುದು. ಕೋಣೆಯನ್ನು ಸಿಂಗರಿಸುವುದೇ ತಪ್ಪೆಂದೂ ನಾವು ಹೇಳುವುದಿಲ್ಲ. ಬರುವ ಜೀವಕ್ಕಾಗಿ ಮನೆಯನ್ನು ಅಣಿಮಾಡುವ ಹಂಬಲ ಮನುಷ್ಯರ ಹಂಬಲಗಳಲ್ಲಿ ಅತ್ಯಂತ ಕೋಮಲವಾದುದು. ಆ ಹಂಬಲಕ್ಕೆ ಸ್ವಲ್ಪ ವಿಜ್ಞಾನದ ಜೊತೆ ಬೇಕೆಂಬುದಷ್ಟೇ ನಮ್ಮ ಮಾತು.

ನಮ್ಮ ಅಭಿಪ್ರಾಯ ಇದು. ಬಣ್ಣ ಬಳಿಯಲೇಬೇಕಾದರೆ ಹೆರಿಗೆಗೆ ತಿಂಗಳುಗಳ ಮುಂಚೆ ಬಳಿಯಬೇಕು. ಆಗ ಬಸುರಿ ಆ ಮನೆಯಲ್ಲಿರಕೂಡದು. ಹೊತ್ತು ಮೀರಿದ್ದರೆ ಬಣ್ಣದ ಆಸೆಯನ್ನು ಬಿಟ್ಟು ಗೋಡೆಯನ್ನು ಒರಸಿದರೆ ಸಾಕು. ಕೂಸು ಗೋಡೆಯ ಬಣ್ಣವನ್ನು ಕೇಳುವುದಿಲ್ಲ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬಾರದು. ಗಟ್ಟಿಯಾಗಿದ್ದರೆ ಹಾಗೆಯೇ ಬಿಡಬೇಕು, ಚಕ್ಕೆ ಏಳುತ್ತಿದ್ದರೆ ತಿಳಿದವರಿಂದ ಒದ್ದೆ ಮಾಡಿಸಿ ತೆಗೆಸಬೇಕು, ನೆಲವನ್ನು ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರಸಬೇಕು. ಹೊಸ ಪ್ಲೈವುಡ್ಡಿನ ಬೀರುವಿಗಿಂತ ತಾತನ ಕಾಲದ ಮರದ ಪೆಟ್ಟಿಗೆ ಮೇಲು. ಬೆಂಗಳೂರಿಗೆ ಬರುವ ದಾರಿಯಲ್ಲಿ ಚನ್ನಪಟ್ಟಣ ಸಿಗುತ್ತದೆ; ಹಾಲೆಮರವನ್ನು ಕಡೆದು, ಸಸ್ಯಗಳಿಂದ ತೆಗೆದ ಬಣ್ಣ ಬೆರೆಸಿದ ಅರಗನ್ನು ಹಚ್ಚಿದ ಗಿಲಕಿಯನ್ನು ಅಲ್ಲಿ ಕೇಳಿ ತರಬಹುದು. ಮಕ್ಕಳ ಕೈಗೆ ಸಿಕ್ಕಿದ ಆಟಿಕೆ ಬಾಯಿಗೆ ಹೋಗುವುದು ನಿಶ್ಚಯವಾದುದರಿಂದ, ಅದರ ಬಣ್ಣ ಎಂಥದೆಂದು ವಿಚಾರಿಸುವುದು ಅಗತ್ಯ.

ವಿದ್ಯಾರ್ಥಿಮಿತ್ರರೇ, ಇದು ದೊಡ್ಡವರ ಮಾತೆಂದು ಪುಟ ತಿರುವಬೇಡಿ. ನಿಮ್ಮ ಅಕ್ಕನೋ ಅತ್ತಿಗೆಯೋ ಹೀಗೆ ಮನೆ ಬದಲಿಸುವ ದಿನ ಬರಬಹುದು. ಏಣಿ ಹಿಡಿಯಲು, ಪೆಟ್ಟಿಗೆ ಹೊರಲು ನಿಮ್ಮನ್ನೇ ಕರೆಯುವರು. ಅಂದು ಶಾಲೆಯಲ್ಲಿ ಕಲಿತ ಆವೀಕರಣ, ಅನಿಲಗಳ ವ್ಯಾಪನೆ, ದಹನಕ್ರಿಯೆಗಳು ಪರೀಕ್ಷೆಯ ಪ್ರಶ್ನೆಗಳಾಗಿ ಉಳಿಯದೆ ಒಂದು ಕೂಸಿನ ಉಸಿರಿಗೆ ಉಪಯೋಗವಾಗಲಿ. ಹಿರಿಯರೊಡನೆ ವಾದಿಸುವಾಗ ಮಾತ್ರ ವಿನಯವಿರಲಿ. ಅವರ ಅನುಭವದಲ್ಲಿ ಸತ್ಯದ ಪಾಲು ಇದ್ದೇ ಇರುತ್ತದೆ.

ನಮ್ಮ ಮನೆಯ ಕಥೆ ಸುಖವಾಗಿಯೇ ಮುಗಿಯಿತು. ನಾವು ಅತ್ತಿಗೆಯವರಿಗೆ ಬಂಡೂರಿನ ಕುರಿಕೊಟ್ಟಿಗೆಯನ್ನು ನೆನಪಿಸಿದೆವು. ಆಕೆ ನಕ್ಕು, "ಅಲ್ವಾ ಮತ್ತೆ! ಕುರಿಗೊಂದು ನ್ಯಾಯ, ಕೂಸಿಗೊಂದು ನ್ಯಾಯವಾ?" ಎಂದು ತಾವೇ ಎದ್ದು ಕಿಟಕಿಯನ್ನು ತೆರೆದರು. ಹೊಸ ಬೀರು ಬಾಗಿಲು ತೆರೆದುಕೊಂಡು ಬಿಸಿಲುಮಚ್ಚಿಗೆ ಹೋಯಿತು. ತಾಯಿ ಮಗಳ ಹಾಸಿಗೆ ಬಣ್ಣ ಕಾಣದ ನಡುಮನೆಗೆ ಬಂದಿತು. ಕೂಸು ತನಗಾಗಿ ಸಿಂಗರಿಸಿದ ಕೋಣೆಗೆ ಹೋದುದು ಐದನೆಯ ತಿಂಗಳಲ್ಲಿ — ಹಳೆಯ ಕಾಲದ ಕೂಸುಗಳು ತವರಿನಿಂದ ತಂದೆಯ ಮನೆಗೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ.